ಆಳೆತ್ತರದ ಮಿಡಿಸೌತೆ

ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಅಂದರೆ ಸಂಗೀತಗಾರ ಮೊಜಾರ್ಟ್, ಚಾಕಲೇಟಿನ ಮೇಲೂ ಅವನದೇ ಮುಖ. ಇಲ್ಲಿಗೆ ಓದಲು ಬಂದ ವಾರದಲ್ಲೇ ನನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿದ್ದು ಮಾತ್ರ ಸೌತೆಕಾಯಿ.

ಸಂಗೀತೋತ್ಸವ ನಡೆಯುವ ದೊಡ್ಡ ಸಭಾಂಗಣದ ಹತ್ತಿರ ಫುರ್ಟ್‌ವೆಂಗ್ಲರ್ ಪಾರ್ಕ್ ಇದೆ. ಅಲ್ಲಿ ಕವಿ ಶಿಲ್ಲರ್‌ನ ಪ್ರತಿಮೆ ಗಂಭೀರವಾಗಿ ನಿಂತಿದೆ. ಅದೇ ಪಾರ್ಕಿನಲ್ಲಿ ಐದು ಹಸಿರು ಸೌತೆಕಾಯಿಗಳೂ ನಿಂತಿವೆ, ಮೈಮೇಲಿನ ಗುಳ್ಳೆಗಳ ಸಮೇತ, ಆಳೆತ್ತರ! ಆಸ್ಟ್ರಿಯಾದ ಕಲಾವಿದ ಎರ್ವಿನ್ ವುರ್ಮ್ 2011ರಲ್ಲಿ ಮಾಡಿದ್ದು.

ಜರ್ಮನ್ ತರಗತಿಯಲ್ಲಿ ಊರಿನ ಒಂದು ಕಲಾಕೃತಿಯ ಬಗ್ಗೆ ಒಂದು ಪುಟ ಬರೆಯಿರಿ ಅಂದಾಗ ನಾನು ಇದನ್ನೇ ಹಿಡಿದೆ. ವುರ್ಮ್‌ನ ಬೇರೆ ಕೆಲಸಗಳನ್ನೂ ಹುಡುಕಿ ನೋಡಿದೆ. ಕಾರಿಗೆ ಬೊಜ್ಜು ಬರಿಸಿದ್ದಾನೆ. 2006ರಲ್ಲಿ ವಿಯೆನ್ನಾದ ಮ್ಯೂಸಿಯಂ ಒಂದರ ಚಾವಣಿಗೆ ಒಂದು ಮನೆಯನ್ನು ತಲೆಕೆಳಗಾಗಿ ಸಿಕ್ಕಿಸಿದ್ದಾನೆ. ಅವನ ‘ಒಂದು ನಿಮಿಷದ ಶಿಲ್ಪ’ಗಳಲ್ಲಂತೂ ನೋಡಲು ಬಂದವರೇ ಶಿಲ್ಪ: ಬಕೆಟ್ಟನ್ನೋ ಕುರ್ಚಿಯನ್ನೋ ಹಿಡಿದು, ಅವನು ಹೇಳಿದ ಭಂಗಿಯಲ್ಲಿ ಒಂದು ನಿಮಿಷ ಅಲ್ಲಾಡದೆ ನಿಲ್ಲಬೇಕು. ಬೊಜ್ಜಿನ ಕಾರು ಎರಡನೇ ಸಲಕ್ಕೆ ನಗು ತರಿಸಲಿಲ್ಲ. ತಾನು ಬೆಳೆದ ಮನೆಯನ್ನು ಸುಮಾರು ಒಂದು ಮೀಟರ್ ಅಗಲಕ್ಕೆ ಹಿಸುಕಿ ಕಟ್ಟಿದ್ದಾನಲ್ಲ, ಅದು ಮಾತ್ರ ನಗಿಸಿ ಆಮೇಲೆ ಉಸಿರು ಕಟ್ಟಿಸುತ್ತದೆ.

ಸೌತೆಕಾಯಿಗೆ ನಾನು ನಕ್ಕಿದ್ದಕ್ಕೆ ಕಾರಣವೇ ಬೇರೆ. ಹಾವೇರಿ ಕಡೆಯ ನಮ್ಮ ಹೊಲದಲ್ಲಿ ಬೆಳೆಯುವುದೇ ಮಿಡಿಸೌತೆ. ಕಂಪನಿಯವರು ಬೀಜ ಕೊಡುತ್ತಾರೆ, ಕಾಯಿಯನ್ನು ಅವರೇ ಒಯ್ಯುತ್ತಾರೆ. ಅದು ಉಪ್ಪುನೀರಲ್ಲೋ ವಿನಿಗರ್‌ನಲ್ಲೋ ಮುಳುಗಿ ಹಡಗು ಹತ್ತುತ್ತದೆ. ಊರಿನವರು ಯಾರೂ ತಿನ್ನುವುದಿಲ್ಲ. ಬೀಜ ಹಾಕಿ ತಿಂಗಳು ಕಳೆದರೆ ದಿನಾ ಹರಿಯಬೇಕು, ಒಂದು ದಿನ ತಪ್ಪಿದರೆ ಕಾಯಿ ಉಬ್ಬಿಬಿಡುತ್ತದೆ. ಒಂದು ಕಿಲೋಗೆ ನೂರರವತ್ತಕ್ಕಿಂತ ಹೆಚ್ಚು ಬರುವ, ಕಿರುಬೆರಳಿನಂಥ ಕಾಯಿಗೇ ಒಳ್ಳೆ ರೇಟು. ದಪ್ಪ ಆದಷ್ಟೂ ಬೆಲೆ ಇಳಿಯುತ್ತದೆ, ಕೊನೆಗೆ ಎಮ್ಮೆಗೆ. ರಜೆಯಲ್ಲಿ ಎಲೆಯಡಿ ಅಡಗಿದ ಒಂದೆರಡನ್ನು ಬಿಟ್ಟು ಬಂದು ನಾನು ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಆ ಬಿಟ್ಟ ಕಾಯಿಗಳೇ ಬೆಳೆದೂ ಬೆಳೆದೂ ಇಲ್ಲಿ ಬಂದು ನಿಂತಿವೆ ಅನಿಸಿತು.

ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. “ಇದನ್ನ ಯಾರು ಹರೀಲಾರ್ದ ಬಿಟ್ಟಾರಲೇ?”

“ಬೀಜಕ್ಕ ಬಿಟ್ಟಿರಬೇಕ್ ತಗೋರಿ” ಅಂದಳು ಅವ್ವ.

“ಕಂಪನಿ ಬೀಜ ಅದು, ಯಾರ್ ಬಿಡ್ತಾರ ಬೀಜಕ್ಕ?” ಅಂತ ಅಪ್ಪ. ಕಲೆಯ ಮೇಲೆ ನಮ್ಮ ಮನೆಯಲ್ಲಿ ನಡೆದ ಮೊದಲ ಜಗಳ ಇದು.

ವುರ್ಮ್ ಉಪ್ಪಿನಕಾಯಿ ಸೌತೆಗಳನ್ನು ಸಾಲಾಗಿ ಇಟ್ಟು ಅದಕ್ಕೆ ತನ್ನ ಸ್ವಚಿತ್ರ ಅಂತ ಹೆಸರಿಟ್ಟದ್ದೂ ಉಂಟು. ಒಂದರಂತೆ ಇನ್ನೊಂದಿಲ್ಲ, ಆದರೂ ಎಲ್ಲವೂ ಸೌತೆಯೇ. ಮನುಷ್ಯರೂ ಹಾಗೇ ಅಂತ ತರಗತಿಯಲ್ಲಿ ಎಲ್ಲರೂ ಬರೆದರು. ನಾನು ಗ್ರೇಡಿಂಗ್ ಬಗ್ಗೆ ಬರೆದೆ. ಅಳೆದು ಆರಿಸುವವನ ಕೈಗೆ ಸಿಗದಷ್ಟು ದೊಡ್ಡದಾಗಿ ಬೆಳೆದು, ಶಿಲ್ಲರ್‌ನ ಪಕ್ಕ ಜಾಗ ಗಿಟ್ಟಿಸಿದ ಕಾಯಿಗಳು ಇವು ಅಂತ. ಮೇಡಂ ನಾಲ್ಕು ವ್ಯಾಕರಣ ತಪ್ಪು ತಿದ್ದಿ, ಎಮ್ಮೆಯ ಸಾಲಿನ ಕೆಳಗೆ ಗೆರೆ ಎಳೆದು ನಗುಮುಖ ಬರೆದಿದ್ದರು.

ಅಪ್ಪ ಈ ಸೌತೆಕಾಯಿಗಳ ಫೋಟೊವನ್ನು ಕಾಯಿ ಒಯ್ಯುವ ಗಾಡಿಯವನಿಗೆ ಕಳಿಸಿದ್ದಾನೆ, ಯಾವ ಗ್ರೇಡಿಗೆ ಬರ್ತೈತಿ ಅಂತ ಕೇಳಿ. ಉತ್ತರ ಇನ್ನೂ ಬಂದಿಲ್ಲ.