ವೀಣೆಗೂ ಮಿಕ್ಸರ್‌ಗೂ ನಡುವಿನ ಪುಟ್ಟ ಪೆಟ್ಟಿಗೆ

ಹಲವು ವರ್ಷಗಳ ಹಿಂದೆ ರಾಮನವಮಿಯ ಕಛೇರಿಯೊಂದರಲ್ಲಿ ವೀಣೆ ನುಡಿಸಿ ವೇದಿಕೆಯಿಂದ ಇಳಿಯುತ್ತಿದ್ದಾಗ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಹತ್ತಿರ ಬಂದು, “ಕೈ ಚೆನ್ನಾಗಿದೆ ಕಣಮ್ಮ, ಆದರೆ ಮಂದ್ರಕ್ಕೆ ಇಳಿದಾಗೆಲ್ಲ ನಿನ್ನ ವೀಣೆ ಕೇಳಿಸಲೇ ಇಲ್ಲ; ಮೇಲಿನ ಸ್ವರಗಳು ತಗಡು ಬಡಿದ ಹಾಗೆ ಬರುತ್ತಿದ್ದವು” ಎಂದರು. ಅಂದು ಕುದುರೆಯ ಪಕ್ಕದಲ್ಲಿ ಅಂಟಿಸಿದ್ದ ಕಾಂಟ್ಯಾಕ್ಟ್ ಪಿಕಪ್ಪಿನ (ಮರದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಬಿಲ್ಲೆಯ) ಕೇಬಲ್ಲನ್ನು ಮೈಕ್‌ಸೆಟ್‌ನವರು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿದ್ದರು. ಪಿಕಪ್ಪೇ ಸರಿಯಿಲ್ಲವೆಂದು ತಿಳಿದು ನಾನು ಬೇರೆ ಎರಡು ಪಿಕಪ್ ಕೊಂಡೆ. ದೋಷವಿದ್ದದ್ದು ಪಿಕಪ್ಪಿನಲ್ಲಲ್ಲ, ಅದನ್ನು ಎಲ್ಲಿಗೆ ಸಿಕ್ಕಿಸುತ್ತಿದ್ದೆವು ಎಂಬುದರಲ್ಲಿ ಎನ್ನುವುದು ತಿಳಿಯಲು ಬಹಳ ಕಾಲ ಹಿಡಿಯಿತು.

ಇಂಥ ಪಿಕಪ್ಪನ್ನು ಪೀಜೋ ಪಿಕಪ್ ಎನ್ನುತ್ತಾರೆ; ವಿದ್ಯುತ್ತಿನ ದೃಷ್ಟಿಯಿಂದ ಅದು ಒಂದು ಸಣ್ಣ ಕೆಪಾಸಿಟರ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಬಿಡಿಭಾಗ. ಅದು ಸುಮಾರು ಒಂದು ನ್ಯಾನೋಫ್ಯಾರಡ್‌ನದು ಎಂದಿಟ್ಟುಕೊಂಡರೆ, ಹತ್ತು ಸಾವಿರ ಓಮ್ ತಡೆಯ ಲೈನ್ ಇನ್‌ಪುಟ್‌ಗೆ ಸೇರಿಸಿದಾಗ 16,000 ಹರ್ಟ್ಝ್‌ಗಿಂತ ಕೆಳಗಿನದೆಲ್ಲವೂ ಒಂದೊಂದು ಸ್ಥಾಯಿ ಇಳಿದಂತೆ ಅರ್ಧರ್ಧವಾಗುತ್ತ ಹೋಗುತ್ತದೆ. ಹತ್ತು ಲಕ್ಷ ಓಮ್‌ನ ಇನ್‌ಪುಟ್‌ಗೆ ಸೇರಿಸಿದರೆ ಆ ಗಡಿ ಸುಮಾರು 160 ಹರ್ಟ್ಝ್‌ಗೆ ಇಳಿಯುತ್ತದೆ. ಗಿಟಾರ್‌ಗೆ ಇದು ಹೆಚ್ಚು ಕಡಿಮೆ ಸಾಕಾಗಬಹುದು, ಆದರೆ ಮೂರನೆಯ ಮನೆಯ ಶ್ರುತಿಗೆ ಕೂಡಿಸಿದ ನನ್ನ ವೀಣೆಯಲ್ಲಿ ಸಾರಣಿ ತಂತಿಯೇ 165 ಹರ್ಟ್ಝ್‌ನಲ್ಲಿದೆ. ಪಂಚಮ 123, ಮಂದ್ರ 82, ಅನುಮಂದ್ರ 62. ಅಂದರೆ ನುಡಿಸುವ ನಾಲ್ಕು ತಂತಿಗಳಲ್ಲಿ ಮೂರರ ಮೂಲನಾದ ಆ ಗಡಿಯ ಕೆಳಗೇ ಉಳಿಯುತ್ತದೆ. ಆ ಹಿರಿಯರು ಕಿವಿಯಿಂದ ಹೇಳಿದ್ದನ್ನೇ ಲೆಕ್ಕವೂ ಹೇಳುತ್ತದೆ.

ನಾನು ಈಗ ಬಳಸುವುದು ಎಲ್.ಆರ್. ಬ್ಯಾಗ್ಸ್ ಕಂಪನಿಯ ಪ್ಯಾರಾ ಅಕೌಸ್ಟಿಕ್ ಡಿ.ಐ. ಎಂಬ ಪ್ರೀಆಂಪ್. ಡಿ.ಐ. (ಡೈರೆಕ್ಟ್ ಇನ್‌ಪುಟ್) ಎಂದರೆ ವಾದ್ಯದ ಸಂಕೇತವನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡಿ ಕಳಿಸುವ ಪೆಟ್ಟಿಗೆ. ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿರುವ ಈ ಕಂಪನಿಯನ್ನು ಕಟ್ಟಿದ ಲಾಯ್ಡ್ ಬ್ಯಾಗ್ಸ್ ಮೊದಲಿಗೆ ಗಿಟಾರ್ ತಯಾರಿಸುತ್ತಿದ್ದವರು. ಪೆಟ್ಟಿಗೆಯನ್ನೂ ಗಿಟಾರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿದೆ. ಆದರೆ ಅದರ ಇನ್‌ಪುಟ್ ಒಂದು ಕೋಟಿ ಓಮ್‌ನದು. ಮೇಲಿನ ಲೆಕ್ಕವನ್ನೇ ಇಲ್ಲಿ ಮಾಡಿದರೆ ಗಡಿ 16 ಹರ್ಟ್ಝ್‌ಗೆ ಹೋಗುತ್ತದೆ, ಅನುಮಂದ್ರದ ತಂತಿಯ ನಾದವೂ ನಿಚ್ಚಳವಾಗಿ ಒಳಗೆ ಬರುತ್ತದೆ. ಹೆಸರಾಂತ ಟ್ರಾನ್ಸ್‌ಫಾರ್ಮರ್ ಡಿ.ಐ.ಗಳು ಕೀಬೋರ್ಡಿಗೆ ಬಹಳ ಒಳ್ಳೆಯವು, ಆದರೆ ಅವುಗಳ ಇನ್‌ಪುಟ್ ಸಾಮಾನ್ಯವಾಗಿ ಒಂದೂವರೆ ಲಕ್ಷ ಓಮ್‌ನ ಆಸುಪಾಸಿನಲ್ಲಿರುವುದರಿಂದ ಪೀಜೋಗೆ ನೇರವಾಗಿ ಹೊಂದುವುದಿಲ್ಲ. “ಡಿ.ಐ. ಬಾಕ್ಸ್ ನಮ್ಮ ಹತ್ತಿರ ಇದೆ ಮೇಡಂ” ಎಂದು ಮೈಕ್‌ಸೆಟ್‌ನವರು ಪ್ರೀತಿಯಿಂದ ಹೇಳಿದಾಗಲೂ ನಾನು ನನ್ನದನ್ನೇ ಒಯ್ಯುವುದು ಇದಕ್ಕಾಗಿ.

ನಾದವನ್ನು ತಿದ್ದುವ ಗುಬುಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ವೀಣೆಯ ಕುದುರೆಯ ಮೇಲೆ ಲೋಹದ ಫಲಕವಿರುವುದರಿಂದ ಪಿಕಪ್ಪನ್ನು ಅದಕ್ಕೆ ತೀರ ಹತ್ತಿರ ಅಂಟಿಸಿದರೆ ಉಗುರಿನ ‘ಟಕ್’ ಎಂಬ ಸದ್ದು ನಾದಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಹಲಗೆಯ ಮೇಲೆ ಮೂರು ಬೆರಳು ದೂರ ಸರಿಸಿದಾಗ ಮರದ ನಾದ ಸೇರುತ್ತದೆ. ಉಳಿದ ಕರ್ಕಶವನ್ನು ಮಿಡ್ ಗುಬುಟಿನಿಂದ ಹುಡುಕಿ ತುಸು ತಗ್ಗಿಸಿದರೆ ಸಾಕು. ಮಿಡ್‌ನ ಕಂಪನಾಂಕವನ್ನು ನಮಗೆ ಬೇಕಾದಲ್ಲಿಗೆ ತಿರುಗಿಸಿಕೊಳ್ಳಬಹುದು ಎನ್ನುವುದು ಈ ಪೆಟ್ಟಿಗೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಗುಣ. ಬೇಸನ್ನು ನಾನು ಏರಿಸುವುದೇ ಇಲ್ಲ. ಟೊಳ್ಳಾದ ಕೊಡ ಸ್ಪೀಕರಿನ ಸದ್ದಿಗೆ ತಾನೇ ಮಿಡಿಯತೊಡಗಿ, ಮುಟ್ಟದೆ ಬಿಟ್ಟರೂ ವೀಣೆ ಹೂಂಕರಿಸುತ್ತದೆ. ಹಾಗಾದಾಗ ಮೊದಲು, ಸಂಕೇತವನ್ನು ತಲೆಕೆಳಗು ಮಾಡುವ ಪೋಲಾರಿಟಿ ಸ್ವಿಚ್ಚನ್ನು ತಿರುಗಿಸಿ ನೋಡುತ್ತೇನೆ. ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ, ಒಂದೇ ಕಿರಿದಾದ ಕಂಪನಾಂಕವನ್ನು ತಗ್ಗಿಸುವ ನಾಚ್ ಗುಬುಟನ್ನು ಮೆಲ್ಲಗೆ ತಿರುಗಿಸುತ್ತ ಹೂಂಕಾರ ಅಡಗುವ ಜಾಗದಲ್ಲಿ ಬಿಟ್ಟುಬಿಡುತ್ತೇನೆ. ಗೇನ್ (ಒಳಬರುವ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಇಡುವಾಗ ಮಂದ್ರದ ತಂತಿಯನ್ನು ತಾನದಲ್ಲಿ ಮೀಟುವಷ್ಟೇ ಜೋರಾಗಿ ಮೀಟಿ, ಸೌಂಡ್ ಒಡೆಯದಷ್ಟಕ್ಕೆ ನಿಲ್ಲಿಸಬೇಕು. ಆಲಾಪನೆಯ ಮೆಲು ಮೀಟಿಗೆ ಗೇನ್ ಇಟ್ಟವರು ತಾನದ ಹೊತ್ತಿಗೆ ಪಶ್ಚಾತ್ತಾಪಪಡುತ್ತಾರೆ.

ಪಿಕಪ್ಪಿನಿಂದ ಪೆಟ್ಟಿಗೆಯವರೆಗಿನ ಕೇಬಲ್ ಗಿಡ್ಡದಾಗಿರಬೇಕು, ನನ್ನದು ಮೂರು ಮೀಟರ್. ಅಲ್ಲಿಂದ ಮಿಕ್ಸರಿಗೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ ಕೇಬಲ್ (ಮೈಕ್‌ಗಳಿಗೆ ಬಳಸುವ, ಹೊರಗಿನ ಗದ್ದಲವನ್ನು ತಡೆಯುವ ಮೂರು ಪಿನ್ನಿನ ಕೇಬಲ್) ಐವತ್ತು ಮೀಟರ್ ಹೋದರೂ ತೊಂದರೆಯಿಲ್ಲ. ಪೆಟ್ಟಿಗೆ 48 ವೋಲ್ಟ್ ಫ್ಯಾಂಟಮ್‌ನಲ್ಲೂ (ಮಿಕ್ಸರ್ ಅದೇ ಕೇಬಲ್ಲಿನ ಮೂಲಕ ಕಳಿಸುವ ವಿದ್ಯುತ್ತಿನಲ್ಲೂ) ನಡೆಯುತ್ತದೆ, 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುತ್ತದೆ. ಸಣ್ಣ ಮಿಕ್ಸರ್‌ಗಳಲ್ಲಿ ಫ್ಯಾಂಟಮ್ ಸ್ವಿಚ್ ಎಲ್ಲ ಚಾನೆಲ್‌ಗಳಿಗೂ ಒಂದೇ ಆಗಿರುವುದರಿಂದ, ಫೇಡರ್‌ಗಳನ್ನು ಪೂರ್ತಿ ಇಳಿಸಿದ ಮೇಲೆಯೇ ಅದನ್ನು ಹಾಕಲು ಹೇಳಬೇಕು. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ‘ಗುಂಯ್’ ಎಂಬ ಸದ್ದು ಬಂತೆಂದು ಕರೆಂಟಿನ ಪ್ಲಗ್ಗಿನ ಅರ್ತ್ ಪಿನ್ನನ್ನು ತೆಗೆಯುವವರನ್ನು ನಾನು ನೋಡಿದ್ದೇನೆ. ಅದು ಜೀವಕ್ಕೆ ಅಪಾಯ. ಆ ಸದ್ದನ್ನು ನಿಲ್ಲಿಸಬೇಕಾದದ್ದು ಡಿ.ಐ.ಯ ಗ್ರೌಂಡ್ ಲಿಫ್ಟ್‌ನಿಂದ (ಆಡಿಯೋ ಕೇಬಲ್ಲಿನ ಅರ್ತ್ ಸಂಪರ್ಕವನ್ನಷ್ಟೇ ಬಿಡಿಸುವ ಸ್ವಿಚ್‌ನಿಂದ) ಅಥವಾ ಆಡಿಯೋ ಟ್ರಾನ್ಸ್‌ಫಾರ್ಮರ್‌ನಿಂದ.

ಮನೆಯಲ್ಲಿ ರೆಕಾರ್ಡ್ ಮಾಡುವಾಗಲೂ ಇದೇ ಪೆಟ್ಟಿಗೆ ಒಂದು ಟ್ರ್ಯಾಕಿಗೆ, ಕೊಡದ ಮುಂದೆ ಸುಮಾರು 60 ಸೆಂಟಿಮೀಟರ್ ದೂರದಲ್ಲಿಟ್ಟ ಕಂಡೆನ್ಸರ್ ಮೈಕ್ ಇನ್ನೊಂದಕ್ಕೆ. ಗಾಳಿಯಲ್ಲಿ ಶಬ್ದ ಅಷ್ಟು ದೂರ ಬರಲು 1.75 ಮಿಲಿಸೆಕೆಂಡ್ ಬೇಕು, ಪಿಕಪ್ಪಿನಲ್ಲಿ ಅದು ಆಗಲೇ ಬಂದಿರುತ್ತದೆ. ಎರಡನ್ನೂ ಹಾಗೆಯೇ ಕೂಡಿಸಿದರೆ ನಾದ ಪೊಳ್ಳಾಗುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಪಿಕಪ್ಪಿನ ಟ್ರ್ಯಾಕನ್ನು 84 ಸ್ಯಾಂಪಲ್‌ಗಳಷ್ಟು ತಡವಾಗಿಸಿದಾಗ ಎರಡೂ ಒಂದಾಗುತ್ತವೆ. ಗಾಂಧಾರವನ್ನು ಎಳೆದು ಬಿಟ್ಟ ಮೇಲೆ ತಂತಿ ಹಿಂದಕ್ಕೆ ಬರುವ ಆ ಕೊನೆಯ ಮೆಲುನಾದ ಪಿಕಪ್ಪಿನಿಂದ ಸಿಗುತ್ತದೆ, ಕೋಣೆಯ ಗಾಳಿ ಮೈಕಿನಿಂದ ಸಿಗುತ್ತದೆ.

ಕಳೆದ ಸಲ ಪೆಂಡಾಲಿನಲ್ಲಿ ಕುಳಿತಾಗ ಮೈಕ್‌ಸೆಟ್‌ನ ಹುಡುಗನಿಗೆ, “ನನ್ನ ಚಾನೆಲ್ ಫ್ಲಾಟ್ ಇಡಪ್ಪ, ಬೇಸು ಟ್ರೆಬಲ್ ಏನೂ ಮುಟ್ಟಬೇಡ” ಎಂದು ಹೇಳಿ ಅನುಮಂದ್ರದ ಪಂಚಮವನ್ನು ಒಮ್ಮೆ ಮೀಟಿದೆ. ಅವನು ಹೆಡ್‌ಫೋನ್ ತೆಗೆದು ನನ್ನ ಕಡೆ ನೋಡಿ, “ಅಕ್ಕಾ, ಇದು ಇನ್ನೂ ಕೇಳಿಸ್ತಾನೇ ಇದೆ” ಎಂದ.