ಎರಡು ನಾಣ್ಯ, ನಾಲ್ಕು ಮರಿ

ರಿಪೋರ್ಟ್ ಬಂದಿದ್ದು ಒಂದು ಭಾನುವಾರ ಬೆಳಿಗ್ಗೆ, ಮೊಬೈಲಿಗೆ. ಚುಕ್ಕಿ ನನ್ನ ಪಾದದ ಮೇಲೆ ಗದ್ದ ಊರಿ ಮಲಗಿದ್ದಳು. ಅವಳದೇ ಜಾತಕ ಬಂದಿದೆ ಅನ್ನೋದು ಅವಳಿಗೇನು ಗೊತ್ತು?

ಚುಕ್ಕಿ ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್, ಆಗ ಮೂರು ವರ್ಷ. ಒಂದೇ ಒಂದು ಸಲ ಮರಿ ಹಾಕಿಸಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ. ಗೆಳೆಯರೊಬ್ಬರ ಹತ್ತಿರ ಕೋಕೋ ಅಂತ ಒಂದು ಗಂಡು ಪೂಡಲ್ ಇತ್ತು. ಕಂದು ಬಣ್ಣ, ಗುಂಗುರು ಕೂದಲು, ನೋಡಿದವರು ಎತ್ತಿಕೊಳ್ಳದೆ ಬಿಡುತ್ತಿರಲಿಲ್ಲ. ಇವೆರಡರ ಮರಿಗೆ ಕಾಕಪೂ ಅನ್ನುತ್ತಾರೆ. 'ಕ್ರಾಸ್ ಮರಿಗಳಿಗೆ ರೋಗ ಬರಲ್ಲ ರೀ, ಎರಡು ರಕ್ತ ಸೇರಿದ್ರೆ ಗಟ್ಟಿ' ಅಂತ ಗೆಳೆಯರು ಹೇಳಿದ್ದರು. ನಾನೂ ಹಾಗೇ ನಂಬಿದ್ದೆ.

ಚುಕ್ಕಿಯ ಡಾಕ್ಟರು ಮಾತ್ರ ತಲೆಯಾಡಿಸಲಿಲ್ಲ. 'ಎರಡಕ್ಕೂ ಡಿಎನ್‌ಎ ಟೆಸ್ಟ್ ಮಾಡಿಸಿ, ಆಮೇಲೆ ಮಾತಾಡೋಣ' ಅಂದರು. ಟೆಸ್ಟ್ ಅಂದರೆ ದೊಡ್ಡ ಕಷ್ಟವೇನಲ್ಲ. ಸ್ವಲ್ಪ ಹೊತ್ತು ಊಟ, ನೀರು ಕೊಡದೆ ಇದ್ದು, ಕೆನ್ನೆಯ ಒಳಗೆ ಒಂದು ಸಣ್ಣ ಬ್ರಷ್ ತಿಕ್ಕಿ, ಒಣಗಿಸಿ ಕಳಿಸಬೇಕು. ಚುಕ್ಕಿ ಅದನ್ನು ಅಗಿಯೋ ಆಟಿಕೆ ಅಂದುಕೊಂಡು ಮೊದಲ ಬ್ರಷ್ ಕಚ್ಚಿ ಹಾಕಿದಳು. ಗೆಳೆಯರು ಒಪ್ಪಿದ್ದು ಖರ್ಚು ನನ್ನದು ಅಂದ ಮೇಲೆ. ಸುಮ್ನೆ ಒಂದು ಶಾಸ್ತ್ರ ಮುಗಿಸೋಣ ಅನ್ನೋ ಮನಸ್ಸು ನಮ್ಮಿಬ್ಬರದೂ.

ರಿಪೋರ್ಟಿನಲ್ಲಿ ಸಾಲುಸಾಲು 'ಕ್ಲಿಯರ್' ಇತ್ತು, ಅಂದರೆ ದೋಷ ಇಲ್ಲ. ನಡುವೆ ಎರಡು ಕಡೆ 'ಕ್ಯಾರಿಯರ್'. ಚುಕ್ಕಿಗೆ ಒಂದು ಕಿಡ್ನಿ ಕಾಯಿಲೆಯ ಜೀನ್, ಇನ್ನೊಂದು ಪಿಆರ್‌ಎ ಅನ್ನೋ ಕಣ್ಣಿನ ಕಾಯಿಲೆಯದ್ದು. ಕೋಕೋ ರಿಪೋರ್ಟ್ ತೆಗೆದೆ. ಅಲ್ಲೂ ಒಂದು ಕ್ಯಾರಿಯರ್. ಅದೇ ಪಿಆರ್‌ಎ.

ಭಾನುವಾರ ಅಂತಲೂ ನೋಡದೆ ಡಾಕ್ಟರಿಗೆ ಫೋನ್ ಮಾಡಿದೆ.

'ಗಾಬರಿ ಆಗಬೇಡಿ. ಕ್ಯಾರಿಯರ್ ಅಂದ್ರೆ ರೋಗಿ ಅಲ್ಲ. ಕೆಟ್ಟ ಜೀನ್ ಒಂದೇ ಇದೆ ಅಂತ ಅರ್ಥ, ಚುಕ್ಕಿಗೆ ಏನೂ ಆಗಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಸೇರಿದ ಮರಿಗೆ ಮಾತ್ರ ಕಾಯಿಲೆ.'

ಕಿಡ್ನಿಯದ್ದು ಕಾಕರ್ ತಳಿಯಲ್ಲಿ ಕಾಣಿಸೋ ಕಾಯಿಲೆಯಂತೆ. ಎರಡೂ ಜೀನ್ ಸಿಕ್ಕ ಮರಿ ಸಾಮಾನ್ಯವಾಗಿ ಎರಡು ವರ್ಷ ತುಂಬುವ ಹೊತ್ತಿಗೇ ಕಿಡ್ನಿ ಕೈಕೊಟ್ಟು ಸಾಯುತ್ತದೆ. ಆದರೆ ಕೋಕೋ ಹತ್ತಿರ ಆ ಜೀನ್ ಇಲ್ಲ. ಹಾಗಾಗಿ ಯಾವ ಮರಿಗೂ ಎರಡು ಸಿಗಲ್ಲ. ಗೆಳೆಯರ 'ಎರಡು ರಕ್ತ' ಮಾತು ಇಲ್ಲಿ ನಿಜವೇ. ಪಿಆರ್‌ಎ ಹಾಗಲ್ಲ. ಅದು ಕಾಕರ್‌ನಲ್ಲೂ ಇದೆ, ಪೂಡಲ್‌ನಲ್ಲೂ ಇದೆ, ಬೇರೆ ಎಷ್ಟೋ ತಳಿಗಳಲ್ಲೂ ಅದೇ ಜೀನ್ ದೋಷ ಇದೆ. ತಳಿ ಬೇರೆಯಾದರೂ ಕೊಳೆ ಒಂದೇ. ಎರಡು ಕಡೆಯಿಂದಲೂ ಅದೇ ಬಂದರೆ ಯಾವ ಕ್ರಾಸ್ ತೊಳೆಯುತ್ತೆ?

ಆಮೇಲೆ ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಕಾಯಿಲೆಯ ಮರಿ ಹುಟ್ಟುವಾಗ ಚೆನ್ನಾಗೇ ಇರುತ್ತದೆ. ಚೆಂಡು ಹಿಡಿಯುತ್ತೆ, ಓಡುತ್ತೆ. ಕೆಲವು ವರ್ಷ ಕಳೆದ ಮೇಲೆ ಮೊದಲು ಇರುಳುಗಣ್ಣು ಶುರುವಾಗುತ್ತದೆ. ಮಬ್ಬು ಬೆಳಕಿನಲ್ಲಿ ನೋಡೋಕೆ ಬೇಕಾದ ಕಣ್ಣಿನ ಜೀವಕೋಶಗಳು ಮೊದಲು ಸಾಯುತ್ತವೆ. ಆಮೇಲೆ ಹಗಲಿನ ನೋಟವೂ ಹೋಗುತ್ತದೆ. ವಾಸಿ ಮಾಡೋ ಔಷಧಿ ಇಲ್ಲ. ಅಷ್ಟು ಹೊತ್ತಿಗೆ ಮರಿ ಯಾರದೋ ಮನೆಯಲ್ಲಿರುತ್ತದೆ. ಮರಿ ಹಾಕಿಸಿದವರ ಕಿವಿಗೆ ಸುದ್ದಿಯೇ ಬೀಳಲ್ಲ. 'ನಾವು ಕೊಟ್ಟ ಮರಿಗಳೆಲ್ಲ ಚೆನ್ನಾಗಿವೆ' ಅನ್ನೋರು ಸುಳ್ಳು ಹೇಳ್ತಾ ಇರಲ್ಲ. ಅವರಿಗೆ ನಿಜವಾಗಲೂ ಗೊತ್ತಿರಲ್ಲ.

ಇವೆರಡರ ಪ್ರತಿ ಮರಿಗೂ ಎರಡೂ ಕೆಟ್ಟ ಜೀನ್ ಸಿಗುವ ಸಾಧ್ಯತೆ ನೂರಕ್ಕೆ 25 ಅಂತಲೂ ಡಾಕ್ಟರು ಹೇಳಿದ್ದರು. 'ನೂರಕ್ಕೆ 25 ಅಂದ್ರೆ ನಾಲ್ಕು ಮರೀಲಿ ಒಂದು ಅಲ್ವಾ ಅಪ್ಪಾ?' ಅಂತ ಮಗಳು ಕೇಳಿದಳು. ನಾನೂ ಹೌದು ಅಂದುಕೊಂಡಿದ್ದೆ. ಅವಳೇ ಎರಡು ನಾಣ್ಯ ತಂದಳು. ಒಂದು ಚುಕ್ಕಿಯದು, ಒಂದು ಕೋಕೋದು. ಹೆಡ್ಸ್ ಬಿದ್ದರೆ ಕೆಟ್ಟ ಜೀನ್. ಎರಡೂ ಹೆಡ್ಸ್ ಆದರೆ ಕುರುಡು ಮರಿ. ನಾಲ್ಕು ಸಲ ಚಿಮ್ಮಿದೆವು. ಒಂದೂ ಕುರುಡಿಲ್ಲ. 'ನೋಡಿ, ಬಚಾವಾದ್ವಿ!' ಅಂತ ಕುಣಿದಳು. ಇನ್ನೊಂದು ಸುತ್ತು ಹಾಕಿದೆವು. ಎರಡು ಕುರುಡು. ಮೂರನೇ ಸುತ್ತಿನ ಮೊದಲ ಮರಿಯೇ ಕುರುಡು. ಅವಳು ನಾಣ್ಯ ಅಲ್ಲೇ ಬಿಟ್ಟು ಹೋಗಿ ಚುಕ್ಕಿಯನ್ನು ತಬ್ಬಿಕೊಂಡಳು. ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ರತಿ ಮರಿಯ ಹಣೆಬರಹ ಬೇರೆ ಬೇರೆ. ನಾಲ್ಕು ಮರಿ ಹುಟ್ಟಿದರೆ ಒಂದಾದರೂ ಕುರುಡಾಗುವ ಸಾಧ್ಯತೆ ನೂರಕ್ಕೆ 68. ನಾಣ್ಯದಾಟದಲ್ಲಿ ನೋಡಿದ್ದನ್ನೇ ಲೆಕ್ಕವೂ ಹೇಳಿತು.

ಗೆಳೆಯರಿಗೆ ಫೋನ್ ಮಾಡೋದು ಆ ದಿನದ ಕಷ್ಟದ ಕೆಲಸ. ಅವರ ನಾಯಿಯಲ್ಲಿ ದೋಷ ಇದೆ ಅಂತ ಹೇಳೋದು ಅವರ ಮಗನಲ್ಲಿ ದೋಷ ಹುಡುಕಿದ ಹಾಗೆ. ನನ್ನ ನಾಯಿಯಲ್ಲಿ ಎರಡಿದೆ, ನಿಮ್ಮದರಲ್ಲಿ ಒಂದೇ ಅಂತ ಶುರು ಮಾಡಿದೆ. ಉಪಯೋಗ ಆಗಲಿಲ್ಲ. 'ಕೋಕೋ ಕಣ್ಣು ಹದ್ದಿನ ಕಣ್ಣು ರೀ. ಇಷ್ಟೆಲ್ಲ ನೋಡ್ತಾ ಕೂತ್ರೆ ಯಾವ ನಾಯಿಯೂ ಮರಿ ಹಾಕಲ್ಲ' ಅಂದರು. ಕೋಕೋವನ್ನು ಕ್ಲಿಯರ್ ಇರೋ ಹೆಣ್ಣಿಗೆ ಕ್ರಾಸ್ ಮಾಡಿಸಿದರೆ ಒಂದು ಮರಿಯೂ ಕುರುಡಾಗಲ್ಲ ಅನ್ನೋದನ್ನು ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು. ಈಗ ಎದುರು ಸಿಕ್ಕರೆ ನಗುತ್ತಾರೆ, ನಿಲ್ಲಲ್ಲ.

ಒಂದು ಮಾತು ನೆನಪಾಗುತ್ತದೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಅನ್ನೋರು ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಕ್ರಾಸ್ ಮಾಡಿಸಿದರು. ಹವಾಯಿಯ ಒಬ್ಬ ಕುರುಡು ಹೆಂಗಸಿಗೆ ದಾರಿ ತೋರೋ ನಾಯಿ ಬೇಕಿತ್ತು, ಅವರ ಗಂಡನಿಗೆ ನಾಯಿ ಕೂದಲಿನ ಅಲರ್ಜಿ. ಕಾರಣ ಒಳ್ಳೆಯದೇ. ಆದರೆ ಆಮೇಲೆ ಆ ಮರಿಗಳ ಹಿಂದೆ ಬಿದ್ದವರು ಆರೋಗ್ಯ ನೋಡದೆ ಹುಟ್ಟಿಸಿದ್ದು ಕಂಡು, ತಾನು ಇದನ್ನು ಶುರು ಮಾಡಬಾರದಿತ್ತು ಅಂತ ಅವರೇ 2019ರಲ್ಲಿ ನೊಂದುಕೊಂಡರು.

ಚುಕ್ಕಿಯ ಆ ಬೆದೆ ಹಾಗೇ ಕಳೆಯಿತು. ಇನ್ನೊಂದು ಬರಲು ಸುಮಾರು ಏಳು ತಿಂಗಳು. ಅಷ್ಟರಲ್ಲಿ ಇನ್ನೊಂದು ಪೂಡಲ್ ಸಿಕ್ಕಿತು. ಬೂದು ಬಣ್ಣ, ಒಂದು ಕಿವಿ ಸ್ವಲ್ಪ ಸೊಟ್ಟ, ಕೋಕೋ ಮುಂದೆ ಏನೂ ಅಲ್ಲ. ಆದರೆ ಪಿಆರ್‌ಎ ಕ್ಲಿಯರ್. ಅವರ ಮನೆಗೆ ಹೋದರೆ ಕೂರೋ ಮೊದಲೇ ಯಜಮಾನಿ ಕೇಳಿದರು, 'ನಿಮ್ಮ ನಾಯಿಯ ರಿಪೋರ್ಟ್ ತಂದಿದ್ದೀರಾ?' ಒಂದು ಕ್ಷಣ ನನ್ನ ಮುಖ ಬಿಗಿಯಿತು, ಸುಳ್ಳು ಯಾಕೆ ಹೇಳಲಿ. ಅವರು ಅಷ್ಟಕ್ಕೇ ಬಿಡಲಿಲ್ಲ. ನಾಯಿಗಳು ಕೂಡುವಾಗ ಹರಡೋ ಬ್ರುಸೆಲ್ಲಾ ಸೋಂಕಿನ ರಕ್ತಪರೀಕ್ಷೆ, ಕಣ್ಣಿನ ತಪಾಸಣೆ, ಸೊಂಟದ ಎಕ್ಸ್‌ರೇ, ಎಲ್ಲ ಕೇಳಿದರು. ಡಿಎನ್‌ಎ ಕ್ಲಿಯರ್ ಆದರೆ ಎಲ್ಲ ಕ್ಲಿಯರ್ ಅಂದುಕೊಂಡಿದ್ದೆ ನಾನು. ಮಂಡಿಚಿಪ್ಪು ಜಾರುತ್ತಾ ಅನ್ನೋದನ್ನು ಯಾವ ಬ್ರಷ್ಷೂ ಹೇಳಲ್ಲ, ಡಾಕ್ಟರು ಕೈಯಲ್ಲಿ ಒತ್ತಿ ನೋಡಬೇಕು.

ಗಬ್ಬದ 57ನೇ ದಿನ ಎಕ್ಸ್‌ರೇಯಲ್ಲಿ ಐದು ಬೆನ್ನುಮೂಳೆ ಎಣಿಸಿದೆವು. 62ನೇ ದಿನ ಚುಕ್ಕಿಯ ಮೈ ಬಿಸಿ ಇಳಿಯಿತು, ಮರುದಿನ ರಾತ್ರಿ ಐದೂ ಮರಿ ಬಂದವು. ಆಮೇಲೆ ಎಂಟು ವಾರ ತೂಕ, ಜಂತುಹುಳದ ಔಷಧಿ, ಲಸಿಕೆ, ಬಟ್ಟೆ ಒಗೆತ. ಐದಕ್ಕೂ ಬ್ರಷ್ ತಿಕ್ಕಿ ಕಳಿಸಿದೆವು. ಮೂರು ಕ್ಯಾರಿಯರ್, ಎರಡು ಕ್ಲಿಯರ್. ಮರಿ ಜೊತೆ ಒಂದೊಂದು ಕವರ್ ಕೊಟ್ಟೆವು. ಅದರಲ್ಲಿ ಅಪ್ಪ, ಅಮ್ಮ, ಮರಿ ಮೂವರ ರಿಪೋರ್ಟ್. ಜೊತೆಗೊಂದು ಚೀಟಿ, ಯಾವ ವಯಸ್ಸಿನಲ್ಲಾದರೂ ಸಾಕೋಕೆ ಆಗದಿದ್ದರೆ ನಮಗೇ ವಾಪಸ್ ಕೊಡಿ ಅಂತ. ಒಬ್ಬರು ಕವರ್ ಬಿಚ್ಚದೆ ಬ್ಯಾಗಿಗೆ ತುರುಕಿ 'ಇದಕ್ಕೆ ಬಣ್ಣ ಹೀಗೇ ಇರುತ್ತಾ?' ಅಂತ ಕೇಳಿದರು.

ಮೂರು ವರ್ಷದ ಮೇಲೆ ಅವರದೇ ಫೋನ್. ಕತ್ತಲಾದ ಮೇಲೆ ನಾಯಿ ಮೆಟ್ಟಿಲು ಇಳಿಯಲ್ಲ, ಮೇಲೇ ನಿಂತು ಅಳುತ್ತೆ ಅಂದರು. ನನ್ನ ಕೈ ತಣ್ಣಗಾಯಿತು. ಮಾತಾಡುತ್ತಲೇ ಕಪಾಟಿನಿಂದ ಫೈಲ್ ಎಳೆದು ಅದರ ಹಾಳೆ ಹುಡುಕಿದೆ. ಕ್ಲಿಯರ್. ಆದರೂ ಕಣ್ಣು ತೋರಿಸಿ ಬನ್ನಿ ಅಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್ ಬಂತು. ಕೊನೆ ಮೆಟ್ಟಿಲ ಕೆಳಗೆ ಒಂದು ಬೆಕ್ಕು ಮರಿ ಹಾಕಿಕೊಂಡು ಕೂತಿತ್ತಂತೆ.