ಪಂಕ್ತಿ ಪೂರ್ತಿ ಎಡಗೈಯಲ್ಲಿ ಊಟ

ಆಫೀಸಲ್ಲಿ ಈಗಲೂ ನನ್ನನ್ನು ರೇಗಿಸಬೇಕು ಅನ್ನಿಸಿದರೆ ಎಲ್ಲರೂ ಎಡಗೈಯಲ್ಲಿ ಟೀ ಲೋಟ ಎತ್ತುತ್ತಾರೆ. ಮಾತೇ ಇಲ್ಲ. ಎತ್ತುವುದು, ನನ್ನ ಕಡೆ ನೋಡುವುದು, ಕುಡಿಯುವುದು. ಆರು ತಿಂಗಳಾಯಿತು, ಅವರಿಗೆ ಇನ್ನೂ ಬೇಜಾರಾಗಿಲ್ಲ.

ನಮ್ಮದು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ಹತ್ತಿರ, ಮೊದಲ ಮಹಡಿಯಲ್ಲಿ ಎರಡು ರೂಮು. ಹಳೇ ಸ್ಲೈಡು, ನೆಗೆಟಿವ್ ತಂದುಕೊಟ್ಟರೆ ಡಿಜಿಟಲ್ ಮಾಡಿ ಕೊಡುತ್ತೇವೆ. ಸ್ಕ್ಯಾನರ್ ಯಾವತ್ತೋ ಮೂಲೆ ಸೇರಿತು. ಈಗ ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿಯುವ ಕಾಪಿ ಸ್ಟ್ಯಾಂಡ್, 24 ಮೆಗಾಪಿಕ್ಸೆಲ್ ಕ್ಯಾಮೆರಾ ಬಾಡಿ, ಮ್ಯಾಕ್ರೋ ಲೆನ್ಸು, ಕೆಳಗೆ ಎಲ್‌ಇಡಿ ಪ್ಯಾನೆಲ್. ಎಫ್ 8, ಐಎಸ್‌ಒ 100, ಕ್ಯಾಮೆರಾವನ್ನು ಕಂಪ್ಯೂಟರಿಗೆ ಟೆದರ್ ಮಾಡಿ ಹೊಡೆಯುತ್ತಾ ಹೋಗುವುದು. ನಾನು ಕ್ಯಾಪ್ಚರ್. ಪಕ್ಕದ ರೂಮಿನವನು ಇನ್ವರ್ಟ್, ಅಂದರೆ ನೆಗೆಟಿವನ್ನು ಪಾಸಿಟಿವ್ ಮಾಡುವುದು, ಮತ್ತು ಕ್ಯೂಸಿ, ಅಂದರೆ ಕ್ವಾಲಿಟಿ ಚೆಕ್. ಓನರ್ ಕ್ಯಾಬಿನ್ ಹೊರಗೆ ಒಂದು ಬಿಳಿ ಬೋರ್ಡ್ ಇದೆ, ದಿನಕ್ಕೆ 500 ಫ್ರೇಮ್ ಅಂತ ಕೆಂಪು ಮಾರ್ಕರ್‌ನಲ್ಲಿ ಬರೆದಿದೆ. ಅದನ್ನ ಬರೆದವರು ಇವತ್ತಿನವರೆಗೂ ಒಂದು ನೆಗೆಟಿವ್ ಸ್ಟ್ರಿಪ್ಪಿನ ಧೂಳು ಊದಿದವರಲ್ಲ.

ಕೆಲಸ ತಂದವರು ಎನ್‌ಆರ್ ಕಾಲೋನಿಯ ಒಬ್ಬರು ರಾಯರು, ವಯಸ್ಸು 86. ಬಿಸ್ಕತ್ತಿನ ತಗಡಿನ ಡಬ್ಬ ಎರಡು, ಒಟ್ಟು 1,140 ಫ್ರೇಮು. ಜಾಸ್ತಿ ಓರ್ವೋ ಎನ್‌ಪಿ 20, ಬ್ಲ್ಯಾಕ್ ಅಂಡ್ ವೈಟ್ ಫಿಲ್ಮು, ಪೂರ್ವ ಜರ್ಮನಿ ಮಾಲು. ಎಲ್ಲ ಅವರೇ ತೆಗೆದಿದ್ದು, ತಮ್ಮ ಮಗನ ಉಪನಯನ ಒಂದನ್ನು ಬಿಟ್ಟು, ಯಾಕಂದರೆ ಅದರಲ್ಲಿ ಅವರೇ ಮಣೆ ಮೇಲೆ ಕೂತಿದ್ದರು. 1973ರ ಉಪನಯನ. ಆಗ ಹುಡುಗನಿಗೆ 8 ವರ್ಷ. ಈಗ ಅದೇ ಹುಡುಗನ ಷಷ್ಟಿಪೂರ್ತಿ, ಭಾನುವಾರ, ಹಾಲ್‌ನಲ್ಲಿ ದೊಡ್ಡ ಸ್ಕ್ರೀನ್ ಹಾಕಿ ಈ ಫೋಟೋಗಳನ್ನು ತೋರಿಸಬೇಕು.

ನಮ್ಮಲ್ಲಿ ಒಂದು ನಿಯಮ ಇದೆ. ಎಮಲ್ಷನ್, ಅಂದರೆ ಫಿಲ್ಮಿನಲ್ಲಿ ಚಿತ್ರ ಇರುವ ಪದರ, ಮೇಲೆ, ಲೆನ್ಸಿನ ಕಡೆ ಇರಬೇಕು. ಹಾಗೆ ಹೊಡೆದರೆ ಚಿತ್ರ ಉಲ್ಟಾ ಬರುತ್ತದೆ, ಕನ್ನಡಿಯಲ್ಲಿ ನೋಡಿದ ಹಾಗೆ. ಅದಕ್ಕೆ ಇಂಪೋರ್ಟ್ ಆಗುವಾಗಲೇ ಸಾಫ್ಟ್‌ವೇರಿನಲ್ಲಿ ಮೊದಲೇ ಹಾಕಿಟ್ಟ ಪ್ರೀಸೆಟ್ ಫ್ಲಿಪ್ ಮಾಡಿಬಿಡುತ್ತದೆ. ಓನರ್ ಯಾವುದೋ ವಿಡಿಯೋ ನೋಡಿ ತಂದ ನಿಯಮ ಇದು. ಬೇಸ್, ಅಂದರೆ ಫಿಲ್ಮಿನ ಹಿಂಬದಿಯ ಪ್ಲಾಸ್ಟಿಕ್, ಅದರ ಮೂಲಕ ಹೊಡೆದರೆ ಶಾರ್ಪ್‌ನೆಸ್ ಹೋಗುತ್ತಂತೆ. ನಾನು ಎರಡೂ ಕಡೆಯಿಂದ ಹೊಡೆದು ಹೋಲಿಸಿ ನೋಡಿದ್ದೇನೆ. ಎಫ್ 8ರಲ್ಲಿ ನನ್ನ ಕಣ್ಣಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಆದರೂ ನಿಯಮ ನಿಯಮ.

ರಾಯರ ಸ್ಟ್ರಿಪ್ಪುಗಳಲ್ಲಿ ಕೆಲವು ಹಲಸಿನ ಹಪ್ಪಳದ ಹಾಗೆ ಮುದುರಿದ್ದವು. ನಡುವೆ ಫೋಕಸ್ ಕೂತರೆ ಅಂಚು ಮಸುಕು. ಫಿಲ್ಮನ್ನು ಚಪ್ಪಟೆಯಾಗಿ ಒತ್ತಿ ಹಿಡಿಯುವ ಆಂಟಿ ನ್ಯೂಟನ್ ಗ್ಲಾಸ್ ತರಿಸಿ ಅಂತ ಮೂರು ಸಲ ಕೇಳಿದ್ದೆ, ಮೂರು ಸಲವೂ "ನೋಡೋಣ" ಬಂತು. ಹಾಗಾಗಿ ನಾನೇ ಒಂದು ಉಪಾಯ ಮಾಡಿದೆ. ತೀರಾ ಮುದುರಿದ್ದನ್ನು ಮಗುಚಿ ಹಾಕಿದೆ. ಹೋಲ್ಡರ್ ಚೆನ್ನಾಗಿ ಒತ್ತಿ ಹಿಡಿಯಿತು, ಮೂಲೆಯಿಂದ ಮೂಲೆಗೆ ಫಿಲ್ಮಿನ ಕಣ, ಗ್ರೇನ್, ಸಾಸಿವೆ ಕಾಳಿನ ಹಾಗೆ ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪ್ರೀಸೆಟ್ ತೆಗೆಯಲಿಲ್ಲ. ಅಷ್ಟೇ ತಪ್ಪು. ಮಗುಚಿದ ಸ್ಟ್ರಿಪ್ಪು ನೆಟ್ಟಗೇ ಬಂದಿರುತ್ತದೆ, ಪ್ರೀಸೆಟ್ ಅದನ್ನು ಹಿಡಿದು ಉಲ್ಟಾ ಮಾಡುತ್ತದೆ.

ಫಿಲ್ಮಿನ ಅಂಚಿನಲ್ಲಿ, ತೂತುಗಳ ಪಕ್ಕ, ಕಂಪನಿ ಹೆಸರು, ಫ್ರೇಮ್ ನಂಬರ್ ಇರುತ್ತದಲ್ಲ, ಅದನ್ನ ನೋಡಿದ್ದರೆ ಒಂದು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಬೇಸ್ ನಿಮ್ಮ ಕಡೆ ಇದ್ದರೆ ಅಕ್ಷರ ಓದಲಿಕ್ಕೆ ಬರುತ್ತದೆ, ಎಮಲ್ಷನ್ ನಿಮ್ಮ ಕಡೆ ಇದ್ದರೆ ಅಕ್ಷರ ತಿರುಗಿರುತ್ತದೆ. ಆದರೆ ನಮ್ಮ ಹೋಲ್ಡರಿನ ಮಾಸ್ಕ್ ಬರೀ ಚಿತ್ರದಷ್ಟೇ ಜಾಗ ಬಿಟ್ಟು ಉಳಿದಿದ್ದನ್ನು ಮುಚ್ಚುತ್ತದೆ. ಅಂಚು ಕಾಣುವ ಹೋಲ್ಡರ್ ಕೇಳಿದ್ದಕ್ಕೆ "ಕಸ್ಟಮರ್ ತೂತಿಗೆ ದುಡ್ಡು ಕೊಡ್ತಾನಾ?" ಅಂದಿದ್ದರು ಓನರ್.

ಅದೂ ಅಲ್ಲದೆ ಆ ವಾರ ಪೂರ್ತಿ ನನ್ನ ತಲೆ ಎಲ್‌ಇಡಿ ಪ್ಯಾನೆಲ್ ಮೇಲಿತ್ತು. ಹಳೇದು ಸತ್ತಿತ್ತು ಅಂತ ಓನರ್ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಅಗ್ಗದ್ದೊಂದು ತಂದಿದ್ದರು. ಶಟರ್ 1/125 ಇಟ್ಟರೆ ಬೆಳಕಿನ ಮಿನುಗಿಗೆ, ಫ್ಲಿಕ್ಕರಿಗೆ, ಚಿತ್ರದಲ್ಲಿ ಅಡ್ಡ ಪಟ್ಟೆ. 1/8ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಆದರೆ ಕೆಳಗೆ ಬಸ್ಸು ಹೋದಾಗಲೆಲ್ಲ ಸ್ಟ್ಯಾಂಡು ನಡುಗಿ ಶೇಕ್. ಹಾಗಾಗಿ ಬಸ್ಸು ಹೋಗಲಿ ಅಂತ ಕಾಯುವುದು, ಹೊಡೆಯುವುದು. ಪ್ರತಿ ಫ್ರೇಮನ್ನೂ 100 ಪರ್ಸೆಂಟ್ ಝೂಮ್ ಮಾಡಿ ಮೂಲೆ ನೋಡುತ್ತಿದ್ದೆ. ಕ್ಯೂಸಿ ಹುಡುಗ ಧೂಳು ನೋಡುತ್ತಿದ್ದ. ಚಿತ್ರದಲ್ಲಿ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಇಬ್ಬರಲ್ಲಿ ಒಬ್ಬರೂ ನೋಡಲಿಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ರಾಯರು ಬಂದರು. ಜೊತೆಗೆ ಅವರ ತಂಗಿ, ಅವರಿಗೂ ಎಂಬತ್ತರ ಹತ್ತಿರ. ಮೆಟ್ಟಿಲು ಹತ್ತಿ ಇಬ್ಬರಿಗೂ ಏದುಸಿರು. ದೊಡ್ಡ ಮಾನಿಟರ್ ಮುಂದೆ ಕುರ್ಚಿ ಹಾಕಿ ಕೂರಿಸಿ, ಕಾಫಿ ತರಿಸಿ, ನಾನು ಒಳ್ಳೇ ಹುಮ್ಮಸ್ಸಿನಲ್ಲಿ ನೇರ ಉಪನಯನದ ಫೋಲ್ಡರನ್ನೇ ತೆಗೆದೆ. ಮೊದಲ ಫೋಟೋ ಬ್ರಹ್ಮೋಪದೇಶದ್ದು. ಹುಡುಗ, ತಂದೆ, ಪುರೋಹಿತರು, ಹಿಂದೆ ನಾಲ್ಕೈದು ಜನ ಬರಿಮೈ ಗಂಡಸರು. ಟೋನ್ ಅದ್ಭುತವಾಗಿ ಬಂದಿತ್ತು. ರೇಷ್ಮೆ ಪಂಚೆಯ ಅಂಚಿನ ಎಳೆ ಎಣಿಸಬಹುದಿತ್ತು.

ರಾಯರ ಕೈಯಲ್ಲಿದ್ದ ಲೋಟ ಗಲ್ಲದ ಹತ್ತಿರವೇ ನಿಂತಿತು. ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಇವತ್ತು ಯಾರ ತಿಥಿ?"

ನನಗೆ ಕೇಳಿಸಿದ್ದು "ಯಾವ ತಿಥಿ" ಅಂತ. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ, "ಏಕಾದಶಿ ಸಾರ್" ಅಂದೆ.

ಅವರು ನಗಲಿಲ್ಲ. "ಜನಿವಾರ ನೋಡಪ್ಪ. ಎಲ್ಲರದ್ದೂ ಅಪಸವ್ಯ" ಅಂದರು. ನಮ್ಮ ಮನೆಯಲ್ಲಿ ಜನಿವಾರ ಹಾಕುವ ಪದ್ಧತಿ ಇಲ್ಲ, ಹಾಗಾಗಿ ನಾನು ಸುಮ್ನೆ ತಲೆಯಾಡಿಸಿದೆ. ಆಗ ಅವರು ಲೋಟ ಕೆಳಗಿಟ್ಟು, ಅಂಗಿಯ ಮೇಲೇ ಎಡ ಭುಜದಿಂದ ಬಲ ಸೊಂಟಕ್ಕೆ ಬೆರಳಲ್ಲಿ ಒಂದು ಗೆರೆ ಎಳೆದು ತೋರಿಸಿದರು. ಇದು ಸವ್ಯ. ಆಮೇಲೆ ಬಲ ಭುಜದಿಂದ ಎಡಕ್ಕೆ ಎಳೆದರು. ಇದು ಪಿತೃಕಾರ್ಯಕ್ಕೆ, ಸತ್ತವರಿಗೆ. ಸ್ಕ್ರೀನಿನ ಮೇಲೆ ಆರು ಜನ ಗಂಡಸರು, ಆರೂ ಜನರ ಜನಿವಾರ ಬಲ ಭುಜದ ಮೇಲಿತ್ತು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಪ್ರೀಸೆಟ್ ನೋಡಬೇಕಿತ್ತು. ಅದು ಬಿಟ್ಟು ಹೇಳಿದ್ದೇನು ಗೊತ್ತಾ? "ಐವತ್ತು ವರ್ಷ ಆಯ್ತಲ್ವಾ ಸಾರ್, ಮಧ್ಯೆ ಯಾವುದೋ ಶಾಸ್ತ್ರಕ್ಕೆ ಹಾಗೆ ಹಾಕಿಕೊಂಡಿರಬಹುದು, ನಿಮಗೆ ನೆನಪಿಲ್ಲದೇ ಇರಬಹುದು." ಸ್ವಂತ ಮಗನ ಉಪನಯನ ಮಾಡಿದ ಮನುಷ್ಯನಿಗೆ, ನಾನು, ಧೂಳು ಊದುವ ಬ್ಲೋವರ್ ಕೈಯಲ್ಲಿ ಹಿಡಿದುಕೊಂಡು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

ಯಾರೂ ಮಾತಾಡಲಿಲ್ಲ. ಫ್ಯಾನಿನ ಶಬ್ದ ಮಾತ್ರ. ಕೆಳಗೆ ಒಂದು ಬಸ್ಸು ಹೋಯಿತು, ಸ್ಟ್ಯಾಂಡು ನಡುಗಿತು. ಕೊನೆಗೆ ತಂಗಿಯೇ, "ಮುಂದಿನದು ಹಾಕಪ್ಪ" ಅಂದರು.

ಮುಂದಿನದು ಮಾತೃಭೋಜನ. ತಾಯಿ ಮಗನಿಗೆ ತುತ್ತು ಕೊಡುತ್ತಿದ್ದಾರೆ, ಎಡಗೈಯಲ್ಲಿ. ಸೆರಗು ಬಲ ಭುಜದ ಮೇಲೆ. ನನಗೆ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು, ಆದರೂ ಬೆರಳು ತಾನಾಗೇ ಮುಂದಿನದಕ್ಕೆ ಒತ್ತಿತು. ಊಟದ ಪಂಕ್ತಿ. ಉದ್ದಕ್ಕೆ ಬಾಳೆಲೆ, ಮೂವತ್ತು ಜನ ಇದ್ದಿರಬಹುದು. ಮೂವತ್ತೂ ಜನ ಎಡಗೈಯಲ್ಲಿ ಊಟ ಮಾಡುತ್ತಿದ್ದರು. ಎಲೆಗಳ ತುದಿಯೆಲ್ಲ ಬಲಕ್ಕೆ. ಸಾರು ಬಡಿಸುವವನೂ ಎಡಗೈಯಲ್ಲೇ ಸೌಟು ಹಿಡಿದಿದ್ದ. ಅಷ್ಟೂ ಜನರ ವಾಚು ಬಲಗೈಯಲ್ಲಿ.

ಮೊದಲು ನಕ್ಕಿದ್ದು ತಂಗಿ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಅಷ್ಟರಲ್ಲಿ ಓನರ್ ಕ್ಯಾಬಿನ್‌ನಿಂದ ಬಂದು, ಒಂದು ನೋಟ ನೋಡಿ, "ಸಾಫ್ಟ್‌ವೇರ್ ಅಪ್‌ಡೇಟ್ ಆಗಿತ್ತು ಸಾರ್, ಅದರದ್ದೇ ಪ್ರಾಬ್ಲಂ" ಅಂದುಬಿಟ್ಟರು. ಅದು ಸುಳ್ಳು ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಉಪನಯನದ ಫೋಟೋಗಿಂತ ಇದು ನನಗೆ ಈಗ ಜಾಸ್ತಿ ಚುಚ್ಚುತ್ತದೆ. ರಾಯರು ಎದ್ದು, "ಶನಿವಾರ ಬರ್ತೀನಿ" ಅಂತಷ್ಟೇ ಹೇಳಿದರು.

ಎಲ್ಲ ಸೆಲೆಕ್ಟ್ ಮಾಡಿ ಒಂದು ಸಲ ಫ್ಲಿಪ್ ಒತ್ತಿದರೆ ಮುಗೀತಲ್ಲ ಅನ್ನಿಸಬಹುದು. ಮುಗಿಯಲ್ಲ. ಯಾವ ಸ್ಟ್ರಿಪ್ ಮಗುಚಿದ್ದೆ, ಯಾವುದು ಇಲ್ಲ ಅಂತ ನಾನು ಬರೆದಿಟ್ಟಿರಲಿಲ್ಲ. ಒಂದು ಸ್ಟ್ರಿಪ್ಪಿನಲ್ಲಿ ಆರು ಫ್ರೇಮು, ಆರಕ್ಕೂ ಒಂದೇ ದಿಕ್ಕು, ಹಾಗಾಗಿ ಸ್ಟ್ರಿಪ್ಪಿಗೊಂದು ಗುರುತು ಸಿಕ್ಕರೆ ಸಾಕು ಅಂತ ಲೆಕ್ಕ ಹಾಕಿದೆ. ಆಗ ಕ್ಯೂಸಿ ಹುಡುಗ ಮೆಲ್ಲಗೆ ಬಾಯಿಬಿಟ್ಟ. ಅಂಗಡಿ ಬೋರ್ಡು ಉಲ್ಟಾ ಕಂಡ ಕೆಲವು ಫ್ರೇಮುಗಳನ್ನು ಅವನೇ ಒಂದೊಂದಾಗಿ ತಿರುಗಿಸಿದ್ದನಂತೆ. "ಒಂದೆರಡು ತಾನೇ ಅಂತ ಹೇಳಲಿಲ್ಲ ಸಾರ್." ಸ್ಟ್ರಿಪ್ ಲೆಕ್ಕವೂ ಹೋಯಿತು. 1,140 ಫ್ರೇಮನ್ನೂ ಒಂದೊಂದಾಗಿ ನೋಡುವುದು.

ಆ ರಾತ್ರಿ ನಾನು ಕಲಿತಷ್ಟು ಎಡ ಬಲ ಒಂದನೇ ಕ್ಲಾಸಿನಲ್ಲೂ ಕಲಿತಿರಲಿಲ್ಲ. ಸೆರಗು ಎಡ ಭುಜಕ್ಕೆ. ಗಂಡಸರ ಅಂಗಿ ಜೇಬು ಎಡಕ್ಕೆ. ಕಾರಿನ ಸ್ಟೀರಿಂಗ್ ಬಲಕ್ಕೆ. ಯಾರದೋ ಮನೆಯ ವೀಣೆ ಸಿಕ್ಕಾಗ ಖುಷಿಯಾಯಿತು, ಮೀಟುವ ಕೈ ಬಲಗೈ. ಲಾಲ್‌ಬಾಗ್ ಗಾಜಿನ ಮನೆ ಬಂದಾಗ ಕೈಚೆಲ್ಲಿದೆ, ಅದು ಎರಡೂ ಕಡೆ ಒಂದೇ. ಶ್ರವಣಬೆಳಗೊಳದ್ದು ಒಂದು ಇಡೀ ಸ್ಟ್ರಿಪ್, ಆರೂ ಗೊಮ್ಮಟೇಶ್ವರ. ಸೆರಗಿಲ್ಲ, ಜೇಬಿಲ್ಲ, ವಾಚಿಲ್ಲ. ಅಂಥವಕ್ಕೆಲ್ಲ ನೆಗೆಟಿವನ್ನೇ ತೆಗೆದು, ಅಂಚಿನ ಓರ್ವೋ ಅಕ್ಷರ ಓದುವ ಹಾಗೆ ಲೈಟ್ ಟೇಬಲ್ ಮೇಲಿಟ್ಟು, ಲೂಪ್ ಅನ್ನುವ ಭೂತಗನ್ನಡಿಯಲ್ಲಿ ನೋಡಿ, ಫೈಲಿಗೆ ಹೋಲಿಸಿದೆ.

ಬೆಳಗಿನ ಜಾವ ಮೂರರ ಹೊತ್ತಿಗೆ ಒಂದು ಫ್ರೇಮ್ ಬಂತು. ಚಡ್ಡಿ ಹಾಕಿದ, ಬರಿಮೈ ಹುಡುಗ, ಮಣ್ಣಿನ ರಸ್ತೆ, ಗೋಲಿ ಹೊಡೆಯಲು ಬಗ್ಗಿದ್ದಾನೆ. ಬೇರೆ ಗುರುತು ಒಂದೂ ಇಲ್ಲ. ಗೋಲಿ ಎಡಗೈಯಲ್ಲಿತ್ತು. ಇದೂ ಉಲ್ಟಾ ಅಂತ ಫ್ಲಿಪ್ ಮಾಡಿದೆ. ಇದೊಂದಕ್ಕೆ ಮತ್ತೆ ಡಬ್ಬ ತೆಗೆದು ಹುಡುಕಬೇಕಾ ಅನ್ನಿಸಿ ಮುಂದಕ್ಕೆ ಹೋದೆ.

ಮರುದಿನವೇ ನಾನೂ ಕ್ಯೂಸಿ ಹುಡುಗನೂ ಸೇರಿ ಹೋಲ್ಡರಿನ ಮಾಸ್ಕನ್ನು ಅರದಲ್ಲಿ ಉಜ್ಜಿ ಅಂಚು ಕಾಣುವಷ್ಟು ಅಗಲ ಮಾಡಿದೆವು. ಓನರಿಗೆ ಹೇಳಿಲ್ಲ. ಈಗ ಪ್ರತಿ ಸ್ಟ್ರಿಪ್ಪಿನ ಮೊದಲ ಫ್ರೇಮನ್ನು ಅಂಚಿನ ಅಕ್ಷರ ಸೇರಿಸಿ ಹೊಡೆದು, ಆಮೇಲೆ ಕ್ರಾಪ್ ಮಾಡುತ್ತೇವೆ. ಮಗುಚಿದ ಸ್ಟ್ರಿಪ್ಪಿಗೆ ಬೇರೆ ಫೋಲ್ಡರ್, ಫ್ಲಿಪ್ ಇಲ್ಲದ ಬೇರೆ ಪ್ರೀಸೆಟ್. ದಿನಕ್ಕೆ 500 ಆಗುತ್ತಿಲ್ಲ, 400 ಆಗುತ್ತದೆ. ಬೋರ್ಡಿನಲ್ಲಿ ಇನ್ನೂ 500 ಅಂತಲೇ ಇದೆ. ಆಂಟಿ ನ್ಯೂಟನ್ ಗ್ಲಾಸ್ ಬಗ್ಗೆ ಇನ್ನೂ "ನೋಡೋಣ".

ಶನಿವಾರ ರಾಯರು ಒಬ್ಬರೇ ಬಂದರು. ನಾನು ಮೊದಲು ಹೇಳಿದ್ದು ಸಾಫ್ಟ್‌ವೇರ್ ಅಲ್ಲ ಸಾರ್, ನನ್ನ ತಪ್ಪು ಅಂತ. "ಗೊತ್ತು, ಹಾಕಿ" ಅಂದರು. ಉಪನಯನ ನೋಡಿದರು, ಜನಿವಾರ ಒಂದೊಂದನ್ನೂ ಬೆರಳಿಟ್ಟು ನೋಡಿದರು. ಪಂಕ್ತಿ ನೋಡಿ ತೃಪ್ತಿಯಾಯಿತು. ಕಾಫಿ ಪೂರ್ತಿ ಕುಡಿದರು. ಗೋಲಿ ಹುಡುಗ ಬಂದಾಗ ಮಾತ್ರ ಕೈ ಎತ್ತಿ ನಿಲ್ಲಿಸು ಅಂದರು.

"ಇವನು ನನ್ನ ತಮ್ಮನ ಮಗ" ಅಂದರು. "ಎಡಚ. ಇವರಮ್ಮ ಸೌಟಲ್ಲಿ ಹೊಡೆದು ಹೊಡೆದು ಸಾಕಾದಳು, ಬಲಗೈಗೆ ಬರಲೇ ಇಲ್ಲ. ನೀವು ಒಂದೇ ರಾತ್ರೀಲಿ ಸರಿ ಮಾಡಿಬಿಟ್ರಲ್ಲಪ್ಪ!"

ಅವರ ಎದುರಿಗೇ ಡಬ್ಬ ತೆಗೆದೆ. ಆ ಸ್ಟ್ರಿಪ್ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು.